ಓದುಗರ ಪ್ರಶ್ನೆ: ಮನೆಯ ಕಾರ್ಯಾಗಾರಕ್ಕೆ ಬ್ಲೋವರ್

ಪ್ರಶ್ನೆ: ಮಾನ್ಯರೇ, ನಿವೃತ್ತನಾದ ಮೇಲೆ ಹಿತ್ತಿಲಿನ ಹಳೆಯ ಕೊಟ್ಟಿಗೆಯ ಅರ್ಧ ಭಾಗವನ್ನು ಮರಗೆಲಸದ ಕೋಣೆಯಾಗಿ ಮಾಡಿಕೊಂಡಿದ್ದೇನೆ. ಒಂದು ಟೇಬಲ್ ಗರಗಸ, ಒಂದು ಚಿಕ್ಕ ಪ್ಲೇನರ್, ಒಂದು ಸ್ಯಾಂಡರ್ ಇವೆ. ಬೀಟೆ ಮರ ಕೊಯ್ದ ದಿನ ಕೈಯೆಲ್ಲ ತುರಿಕೆ, ರಾತ್ರಿಯಿಡೀ ಸೀನು. ಅಮೆರಿಕದ ಹವ್ಯಾಸಿಯೊಬ್ಬರ ನಕ್ಷೆಯಲ್ಲಿ 12 ಇಂಚಿನ ಚಕ್ರವನ್ನೂ ಅದರ ಗೂಡನ್ನೂ ಪ್ಲೈವುಡ್‌ನಲ್ಲೇ ಮಾಡಿ ಹುಡಿ ಹೀರುವ ಬ್ಲೋವರ್ ಕಟ್ಟುವ ಕ್ರಮವಿದೆ. ಅದನ್ನು ಹಾಗೆಯೇ ಅನುಸರಿಸಬಹುದೇ? ಎಷ್ಟು ಎಚ್.ಪಿ. ಮೋಟಾರ್ ಬೇಕು? – ಓದುಗರು, ಶಿರಸಿ

ಉತ್ತರ: ಮೊದಲು ನಿಮ್ಮ ತುರಿಕೆ ಮತ್ತು ಸೀನಿನ ಮಾತು. ದಯವಿಟ್ಟು ಅದನ್ನು ವಯಸ್ಸಿನ ತೊಂದರೆಯೆಂದು ತಳ್ಳಿಹಾಕಬೇಡಿ. ಬೀಟೆ, ತೇಗ ಮೊದಲಾದ ಮರಗಳ ಹುಡಿ ಚರ್ಮವನ್ನೂ ಉಸಿರಿನ ದಾರಿಯನ್ನೂ ಕೆರಳಿಸುತ್ತದೆ. ಅಷ್ಟೇ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಷ್ಟು ಹಿಂದೆಯೇ ಮರದ ಹುಡಿಯನ್ನು, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ದೃಢಪಟ್ಟಿರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಬ್ಲೋವರ್ ಸಿದ್ಧವಾಗುವವರೆಗೆ ಎನ್-95 ದರ್ಜೆಯ ಮುಖಗವುಸು ಹಾಕಿಕೊಳ್ಳದೆ ಗರಗಸದ ಗುಂಡಿ ಒತ್ತಬೇಡಿ. ಕಾಲಬುಡದಲ್ಲಿ ಬೀಳುವ ದಪ್ಪ ಸಿಪ್ಪೆಯಿಂದ ಆಗುವ ಹಾನಿ ಕಡಿಮೆ. ಬಿಸಿಲುಕೋಲಿನಲ್ಲಿ ಮಾತ್ರ ಕಾಣುವ ನುಣ್ಣನೆಯ ಹುಡಿಯೇ ಶ್ವಾಸಕೋಶದ ಆಳಕ್ಕೆ ಇಳಿಯುವಂಥದ್ದು.

ಇನ್ನು ನಕ್ಷೆಯ ವಿಚಾರ. ಅದನ್ನು ಹಾಗೆಯೇ ಅನುಸರಿಸಬಾರದು ಎನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು, ನಮ್ಮದು 50. ಅಲ್ಲಿ ನಿಮಿಷಕ್ಕೆ 3450 ಸುತ್ತು ತಿರುಗುವ ಎರಡು ಪೋಲಿನ ಮೋಟಾರಿಗೆ ಸಮಾನವಾದದ್ದು ಇಲ್ಲಿ 2880ರ ಆಸುಪಾಸಿನಲ್ಲಿ ತಿರುಗುತ್ತದೆ. ಬ್ಲೋವರಿನಲ್ಲಿ ಗಾಳಿಯ ಪ್ರಮಾಣ ಸುತ್ತಿನ ವೇಗಕ್ಕೆ ತಕ್ಕಂತೆಯೂ, ಒತ್ತಡ ಅದರ ವರ್ಗಕ್ಕೆ ತಕ್ಕಂತೆಯೂ, ಮೋಟಾರಿನಿಂದ ಎಳೆಯುವ ಶಕ್ತಿ ಅದರ ಘನಕ್ಕೆ ತಕ್ಕಂತೆಯೂ ಏರಿಳಿಯುತ್ತವೆ. ಹಾಗಾಗಿ ಅದೇ ಚಕ್ರ ನಮ್ಮಲ್ಲಿ ಶೇಕಡಾ 83ರಷ್ಟು ಗಾಳಿಯನ್ನೂ ಶೇಕಡಾ 70ರಷ್ಟು ಒತ್ತಡವನ್ನೂ ಕೊಡುತ್ತದೆ. ನಕ್ಷೆಯಲ್ಲಿ ಬರೆದಿರುವ ಅಂಕಿಗಳನ್ನು ನಂಬಿ ಪೈಪು ಎಳೆದವರಿಗೆ ಕೊನೆಯಲ್ಲಿ ನಿರಾಶೆ ಕಾದಿರುತ್ತದೆ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಹವೆಯದ್ದು. ಚಳಿಗಾಲದಲ್ಲಿ ಹಣ ಕೊಟ್ಟು ಬಿಸಿ ಮಾಡಿದ ಗಾಳಿಯನ್ನು ಹೊರಗೆ ಚೆಲ್ಲಲಾಗದ ಕಾರಣ ಅಲ್ಲಿನವರು ಹೀರಿದ ಗಾಳಿಯನ್ನು ಬಟ್ಟೆಯ ಚೀಲದಲ್ಲಿ ಸೋಸಿ ಮತ್ತೆ ಕೋಣೆಗೇ ಬಿಡುತ್ತಾರೆ. ಶಿರಸಿಯಲ್ಲಿ ಆ ಕಷ್ಟವಿಲ್ಲ. ಸೈಕ್ಲೋನ್ ಎಂಬ ಆಲಿಕೆಯಾಕಾರದ ಡಬ್ಬಿಯಲ್ಲಿ ಸುತ್ತಿಸಿ ಸಿಪ್ಪೆ ಮತ್ತು ದಪ್ಪ ಹುಡಿಯನ್ನು ಡ್ರಮ್ಮಿಗೆ ಬೀಳಿಸಿದ ಮೇಲೆ ಉಳಿದ ಗಾಳಿಯನ್ನು ಮನೆಯವರೂ ನೆರೆಯವರೂ ಇಲ್ಲದ ದಿಕ್ಕಿಗೆ, ಮಳೆನೀರು ನುಗ್ಗದಂತೆ ಬಾಗಿಸಿದ ಪೈಪಿನಿಂದ ಹೊರಗೆ ಬಿಟ್ಟುಬಿಡಿ. ಸೋಸುವ ಚೀಲ ಹೋದರೆ, ಅದು ಕೊಳೆಯಾದಾಗ ನುಂಗುವ ಸುಮಾರು 40 ಮಿ.ಮೀ. ನೀರಿನ ಒತ್ತಡ (ಅಷ್ಟು ಎತ್ತರದ ನೀರನ್ನು ಎತ್ತಿ ಹಿಡಿಯುವಷ್ಟು ಒತ್ತಡ) ನಿಮಗೆ ಉಳಿಯುತ್ತದೆ. ನುಣ್ಣನೆಯ ಹುಡಿ ಚೀಲದ ರಂಧ್ರಗಳಿಂದ ಸೋರಿ ಮರಳಿ ನಿಮ್ಮ ಮೂಗಿಗೆ ಬರುವುದೂ ತಪ್ಪುತ್ತದೆ. ಒಂದು ಎಚ್ಚರಿಕೆ ಮಾತ್ರ: ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ಕಿಟಕಿ ಮುಚ್ಚಿಕೊಂಡು ಬ್ಲೋವರ್ ಹಾಕಿದರೆ, ಕೊಟ್ಟಿಗೆಗೆ ತಾಗಿಕೊಂಡು ಬಚ್ಚಲ ಒಲೆ ಇದ್ದಲ್ಲಿ ಅದರ ಹೊಗೆಯೆಲ್ಲ ಕೋಣೆಯೊಳಕ್ಕೆ ಬರುತ್ತದೆ.

ಹೆಚ್ಚಿನವರು ಮೊದಲು ಮೋಟಾರ್ ಕೊಂಡು ಆಮೇಲೆ ಪೈಪಿನ ಯೋಚನೆ ಮಾಡುತ್ತಾರೆ. ಕ್ರಮ ತಿರುಗಿಸಿ. ಮರದ ಹುಡಿ ಪೈಪಿನ ತಳದಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ 20 ಮೀಟರಿನಂತೆ ಓಡುತ್ತಿರಬೇಕು. 100 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಈ ವೇಗಕ್ಕೆ ಗಂಟೆಗೆ ಸುಮಾರು 565 ಘನ ಮೀಟರ್ ಗಾಳಿ ಬೇಕು, 150 ಮಿ.ಮೀ. ಪೈಪಿಗೆ 1270. ನಿಮ್ಮ ಮೂರು ಯಂತ್ರಗಳಲ್ಲಿ ಒಂದೊಂದನ್ನೇ ಓಡಿಸುವುದಾದರೆ 100 ಮಿ.ಮೀ. ಸಾಕು. ಇನ್ನು ಒತ್ತಡ. ಐದು ಮೀಟರ್ ನುಣುಪಾದ ಪೈಪಿನಲ್ಲಿ ಸುಮಾರು 22 ಮಿ.ಮೀ. ನೀರಿನಷ್ಟು, ಎರಡೇ ಮೀಟರ್ ಸುರುಳಿ ಹೋಸ್‌ನಲ್ಲಿ ಮತ್ತೆ ಅಷ್ಟೇ, ಎರಡು ಬಾಗುಗಳಲ್ಲಿ 15, ಯಂತ್ರದ ಬಾಯಲ್ಲಿ 40, ಸೈಕ್ಲೋನಿನಲ್ಲಿ ಇನ್ನೊಂದಿಷ್ಟು ಖರ್ಚಾಗುತ್ತದೆ. ಎರಡು ಮೀಟರ್ ಹೋಸ್ ಐದು ಮೀಟರ್ ಪೈಪಿನಷ್ಟು ತಿನ್ನುತ್ತದೆ ಎಂಬುದನ್ನು ಗಮನಿಸಿ. ಹೋಸನ್ನು ಯಂತ್ರದ ಬಳಿ ತೋಳಿನುದ್ದಕ್ಕೆ ಮಾತ್ರ ಇಟ್ಟು, ಉಳಿದ ದಾರಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 110 ಮಿ.ಮೀ.ನ ಡ್ರೈನೇಜ್ ಪಿವಿಸಿ ಪೈಪನ್ನು ಬಳಸಿ.

300 ಮಿ.ಮೀ. ಇಂಪೆಲ್ಲರ್, ಅಂದರೆ ಬ್ಲೋವರಿನೊಳಗಿನ ರೆಕ್ಕೆಚಕ್ರ, 2880 ಸುತ್ತಿನಲ್ಲಿ ತಿರುಗುವಾಗ ಅದರ ಅಂಚು ಸೆಕೆಂಡಿಗೆ 45 ಮೀಟರ್, ಅಂದರೆ ಗಂಟೆಗೆ 160 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ನೇರ ರೆಕ್ಕೆಯ ಸಾಧಾರಣ ಇಂಪೆಲ್ಲರಿನಿಂದ ಈ ವೇಗದಲ್ಲಿ ಹೀರುವ ಬಾಯಿ ಮುಚ್ಚಿದಾಗ 125ರಿಂದ 150 ಮಿ.ಮೀ. ನೀರಿನಷ್ಟು ಒತ್ತಡ ನಿರೀಕ್ಷಿಸಬಹುದು. ಮೇಲಿನ ಖರ್ಚನ್ನು ಕೂಡಿ ನೋಡಿದರೆ ಚೀಲವಿಲ್ಲದ ನಿಮ್ಮ ವ್ಯವಸ್ಥೆಗೆ ಇದು ಅಂಚಿನಲ್ಲಿ ಸಾಕಾಗುತ್ತದೆ, ಚೀಲ ಇಟ್ಟರೆ ಸಾಲದು. 350 ಮಿ.ಮೀ.ನದ್ದು ಸಿಕ್ಕರೆ ನೆಮ್ಮದಿ. 300ಕ್ಕೆ ಒಂದೂವರೆ ಎಚ್.ಪಿ., 350ಕ್ಕೆ ಎರಡು ಎಚ್.ಪಿ. ಮೋಟಾರ್ ಇಟ್ಟುಕೊಳ್ಳಿ. ಕೆಲಸಕ್ಕೆ ಇದಕ್ಕಿಂತ ಕಡಿಮೆ ಶಕ್ತಿ ಸಾಕು. ಆದರೆ ಪೈಪು ಕಳಚಿ ಬಾಯಿ ಪೂರಾ ತೆರೆದಾಗ ಇಂಥ ಬ್ಲೋವರ್ ಅತಿ ಹೆಚ್ಚು ಶಕ್ತಿ ಎಳೆಯುತ್ತದೆ, ಆಗ ಮೋಟಾರ್ ಸುಡಬಾರದು.

ಈಗ ಮುಖ್ಯ ಮಾತು: ಗೂಡನ್ನು ನೀವೇ ಮಾಡಿ, ಇಂಪೆಲ್ಲರನ್ನು ಮಾಡಿಸಿ. ಬಸವನ ಹುಳುವಿನ ಚಿಪ್ಪಿನಂತಿರುವ ಗೂಡು ಮರಗೆಲಸ ಬಲ್ಲವರಿಗೆ ಎರಡು ದಿನದ ಕೆಲಸ. 300ರ ಇಂಪೆಲ್ಲರಿಗೆ ಹೀಗೆ ಗುರುತು ಹಾಕಬಹುದು: ಶಾಫ್ಟಿನ ಕೇಂದ್ರವನ್ನು ನಡುವಿಟ್ಟು 35 ಮಿ.ಮೀ. ಬದಿಯ ಚಿಕ್ಕ ಚೌಕ ಎಳೆಯಿರಿ. ಅದರ ನಾಲ್ಕು ಮೂಲೆಗಳನ್ನು ಒಂದಾದ ಮೇಲೊಂದರಂತೆ ಕೇಂದ್ರವಾಗಿಸಿ ನಾಲ್ಕು ಕಾಲುವೃತ್ತಗಳನ್ನು ಜೋಡಿಸಿ ಎಳೆದರೆ, ನಾಲಿಗೆಯ (ಹೊರಬಾಯಿಯ ಬಳಿ ಚಕ್ರಕ್ಕೆ ಅತಿ ಹತ್ತಿರ ಬರುವ ಗೂಡಿನ ಮೂಲೆಯ) ಹತ್ತಿರ 20 ಮಿ.ಮೀ. ಇದ್ದ ಸಂದು ಕಾಲು ಸುತ್ತಿಗೆ 35ರಂತೆ ಅಗಲವಾಗುತ್ತ ಹೋಗಿ ಹೊರಬಾಯಿಯಲ್ಲಿ 160 ಆಗುತ್ತದೆ. ಎರಡು ಬದಿಗೆ 18 ಮಿ.ಮೀ. ಪ್ಲೈವುಡ್, ಅವುಗಳ ನಡುವೆ ಗಾಡಿ (ಉದ್ದನೆಯ ಕಚ್ಚು) ಕೊರೆದು ಕೂರಿಸಿದ ಒಂದು ಮಿ.ಮೀ. ಜಿ.ಐ. ತಗಡು. ನಾಲಿಗೆಯ ಸಂದನ್ನು 20ಕ್ಕಿಂತ ಕಿರಿದಾಗಿಸಿದರೆ ಗಾಳಿ ತುಸು ಹೆಚ್ಚಬಹುದು, ಆದರೆ ಪ್ರತಿ ರೆಕ್ಕೆ ಅದರ ಮುಂದೆ ಹಾಯುವಾಗಲೂ ಒಂದೊಂದು ಏಟು ಬಿದ್ದು ಸೈರನ್ನಿನಂತೆ ಊಳಿಡುತ್ತದೆ.

ಇಂಪೆಲ್ಲರ್ ಬೇರೆಯೇ ಸಂಗತಿ. 140 ಮಿ.ಮೀ. ತ್ರಿಜ್ಯದಲ್ಲಿ ಬರೀ 10 ಗ್ರಾಂ ಹೆಚ್ಚುವರಿ ತೂಕವಿದ್ದರೂ 2880 ಸುತ್ತಿನಲ್ಲಿ ಅದು ಸುಮಾರು 13 ಕಿಲೋ ಭಾರದಷ್ಟು ಬಲದಿಂದ ಶಾಫ್ಟನ್ನು ಹೊರಕ್ಕೆ ಎಳೆಯುತ್ತದೆ, ಅದೂ ಸೆಕೆಂಡಿಗೆ 48 ಸಲ ದಿಕ್ಕು ಬದಲಿಸುತ್ತ. ನಾನು ಮೊದಲು ಕಟ್ಟಿದ ಬ್ಲೋವರಿಗೆ ಪ್ಲೈವುಡ್ಡಿನ ಇಂಪೆಲ್ಲರನ್ನೇ ಹಾಕಿದ್ದೆ. ಒಂದು ಮಳೆಗಾಲ ಕಳೆದ ಮೇಲೆ ಪದರಗಳು ಉಬ್ಬಿ, ಒಂದು ದಿನ ರೆಕ್ಕೆಯೊಂದು ಕಿತ್ತು ಗೂಡಿನ ತಗಡನ್ನು ಸೀಳಿಕೊಂಡು ಬಂದು ಎದುರಿನ ಗೋಡೆಯ ಗಾರೆಯಲ್ಲಿ ನಾಟಿತು. ನಾನು ಆ ಜಾಗದಲ್ಲಿ ನಿಂತಿರಲಿಲ್ಲ, ಅಷ್ಟೇ. ಮಲೆನಾಡಿನ ತೇವದಲ್ಲಿ ಪ್ಲೈವುಡ್ಡಿನ ಚಕ್ರ ಬೇಡವೇ ಬೇಡ ಎಂದು ಕೈಮುಗಿದು ಹೇಳುತ್ತೇನೆ.

ಅಕ್ಕಿ ಗಿರಣಿಗಳಿಗೆ ಬ್ಲೋವರ್ ಮಾಡಿಕೊಡುವ ಮತ್ತು ರಿಪೇರಿ ಮಾಡುವ ಕಾರ್ಯಾಗಾರಗಳು ಅಕ್ಕಿ ಗಿರಣಿಗಳಿರುವ ಊರುಗಳಲ್ಲಿ ಇರುತ್ತವೆ. ದಾವಣಗೆರೆ, ಗಂಗಾವತಿಯ ಕಡೆ ವಿಚಾರಿಸಿ. ಬೆಂಗಳೂರಿನ ಪೀಣ್ಯದಲ್ಲಿ ನಕ್ಷೆ ಕೊಟ್ಟರೆ ಮಾಡಿಕೊಡುವ ತಗಡುಗೆಲಸದವರು ಸಿಗುತ್ತಾರೆ. 3 ಮಿ.ಮೀ. ಉಕ್ಕಿನ ಹಿಂಬದಿ ತಟ್ಟೆ, ಅದಕ್ಕೆ ಎರಡೂ ಕಡೆಯಿಂದ ವೆಲ್ಡ್ ಮಾಡಿದ 8 ನೇರ ರೆಕ್ಕೆ, ಶಾಫ್ಟಿಗೆ ಸರಿಯಾಗಿ ಬೋರ್ ಮಾಡಿ ಕೀ ಕೂರುವ ಗಾಡಿ ಹಾಕಿದ ಹಬ್ (ಚಕ್ರದ ನಡುವಿನ ಗುಬ್ಬಿ), ಇವನ್ನು ಬರೆದು ಕೊಡಿ. ಏರ್ ಕೂಲರಿನಲ್ಲಿ ಬರುವ, ಪಂಜರದಂತೆ ಹತ್ತಾರು ಕಿರು ರೆಕ್ಕೆಗಳಿರುವ ಚಕ್ರವನ್ನು ಅಗ್ಗವೆಂದು ತರಬೇಡಿ. ಅದರ ರೆಕ್ಕೆಗಳ ಸಂದಿನಲ್ಲಿ ಹುಡಿ ಮೆತ್ತಿಕೊಂಡು ವಾರದಲ್ಲಿ ಕಟ್ಟಿಹೋಗುತ್ತದೆ.

ಚಕ್ರ ಕೈಗೆ ಬಂದ ಮೇಲೆ ಬ್ಯಾಲೆನ್ಸ್ ಆಗಿದೆಯೇ ಎಂದು ನೀವೇ ನೋಡಬಹುದು. ಹಬ್ಬಿಗೆ ಒಂದು ನೇರವಾದ, ನಯಮಾಡಿದ ಸರಳು ತೂರಿಸಿ, ಮಟ್ಟಗೋಲಿನಿಂದ ಸಮ ಮಾಡಿದ ಎರಡು ಉಕ್ಕಿನ ಪಟ್ಟಿಗಳ ಅಂಚಿನ ಮೇಲೆ ಇಡಿ. ಕೈ ಬಿಟ್ಟೊಡನೆ ಚಕ್ರ ನಿಧಾನವಾಗಿ ಉರುಳಿ, ಅತ್ತಿತ್ತ ಒಲೆದಾಡಿ, ಭಾರದ ಕಡೆ ಕೆಳಗಾಗಿ ನಿಲ್ಲುತ್ತದೆ. ಮೇಲಿರುವ ಕಡೆಗೆ ಸಾಕಾಗುವಷ್ಟು ಹಿಟ್ಟಿನ ಕಣಕ ಅಂಟಿಸುತ್ತ ಹೋಗಿ. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವಂತಾದಾಗ ಆ ಕಣಕವನ್ನು ತೂಗಿ, ಎದುರು ಬದಿಯಲ್ಲಿ ಅಷ್ಟೇ ದೂರದಿಂದ ಅಷ್ಟೇ ತೂಕದ ಉಕ್ಕನ್ನು ಹಿಂಬದಿ ತಟ್ಟೆಯಿಂದ ಉಜ್ಜಿ ತೆಗೆಯಿರಿ. ರೆಕ್ಕೆಯನ್ನಾಗಲಿ ಅದರ ಬೆಸುಗೆಯನ್ನಾಗಲಿ ಉಜ್ಜಬಾರದು. ಮೊದಲ ಸಲ ಚಾಲು ಮಾಡುವಾಗ ಸ್ವಿಚ್ಚು ಬೇರೆ ಕೋಣೆಯಲ್ಲಿರಲಿ, ಚಕ್ರ ತಿರುಗುವ ಸಮತಲದಲ್ಲಿ ಯಾರೂ ನಿಲ್ಲದಿರಲಿ.

ಪ್ರಶ್ನೆ: ಅಕ್ಕಿ ಗಿರಣಿಯವರು ತೆಗೆದುಹಾಕಿದ ಬ್ಲೋವರೊಂದನ್ನು ಗುಜರಿಯಲ್ಲಿ ಕೊಂಡು, ಮೋಟಾರಿಗೆ ಹೊಸ ವೈಂಡಿಂಗ್ ಮಾಡಿಸಿ, ಗೊಂಬೆ ಕಡೆಯುವ ಲೇತಿನ ಬಳಿ ಇಟ್ಟಿದ್ದೇನೆ. ಗಾಳಿ ಹೊರಬಾಯಿಯಿಂದಲೇ ಬರುತ್ತಿದೆ, ಆದರೆ ಶಕ್ತಿಯಿಲ್ಲ. ಹೀರುವ ಬಾಯಿಗೆ ಹಲಗೆ ಮುಚ್ಚಿದರೆ ಮೋಟಾರ್ ಎಳೆಯುವ ಕರೆಂಟು ಹೆಚ್ಚುವ ಬದಲು ಕಡಿಮೆಯಾಗುತ್ತದೆ. ವೈಂಡಿಂಗ್ ಕೆಟ್ಟಿದೆಯೇ? – ಓದುಗರು, ಚನ್ನಪಟ್ಟಣ

ಉತ್ತರ: ಕರೆಂಟು ಕಡಿಮೆಯಾಗುವುದು ದೋಷವಲ್ಲ. ಬಾಯಿ ಮುಚ್ಚಿದಾಗ ಸಾಗಿಸಲು ಗಾಳಿಯೇ ಇಲ್ಲದ್ದರಿಂದ ಚಕ್ರದ ಕೆಲಸ ಹಗುರಾಗುತ್ತದೆ. ಎಲ್ಲ ಸೆಂಟ್ರಿಫ್ಯೂಗಲ್ ಬ್ಲೋವರುಗಳೂ ಹೀಗೆಯೇ. ನಿಮ್ಮ ನಿಜವಾದ ತೊಂದರೆ, ನನಗೆ ತೋರುವಂತೆ, ಚಕ್ರ ಉಲ್ಟಾ ತಿರುಗುತ್ತಿರುವುದು. ಮೇಜಿನ ಫ್ಯಾನ್ ಉಲ್ಟಾ ತಿರುಗಿದರೆ ಗಾಳಿಯೂ ಉಲ್ಟಾ ಬರುತ್ತದೆ, ಆದರೆ ಸೆಂಟ್ರಿಫ್ಯೂಗಲ್ ಬ್ಲೋವರ್ ಯಾವ ಕಡೆ ತಿರುಗಿದರೂ ಮಧ್ಯದಿಂದ ಹೀರಿ ಅಂಚಿನಿಂದಲೇ ಹೊರಹಾಕುತ್ತದೆ, ಶಕ್ತಿ ಮಾತ್ರ ಕುಗ್ಗುತ್ತದೆ. ಅದಕ್ಕಾಗಿಯೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸ್ವಿಚ್ ಆರಿಸಿ, ಚಕ್ರ ನಿಲ್ಲುವ ಹೊತ್ತಿಗೆ ಇಣುಕಿ ನೋಡಿ: ನಾಲಿಗೆಯ ಬಳಿಯ ಕಿರಿದಾದ ಸಂದಿನಿಂದ ಹೊರಟು ಅಗಲವಾಗುತ್ತ ಹೋಗುವ ಕಡೆಗೆ ರೆಕ್ಕೆಗಳು ಓಡಬೇಕು. ಸಿಂಗಲ್ ಫೇಸ್ ಮೋಟಾರಾದರೆ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ. ವೈಂಡಿಂಗ್ ಮಾಡಿದವರಿಗೆ ಇದು ಐದು ನಿಮಿಷದ ಕೆಲಸ.

ಗಿರಣಿಯ ಹಳೆಯ ಬ್ಲೋವರಿನ ಬಗ್ಗೆ ಇನ್ನೊಂದು ಮಾತು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಉಕ್ಕನ್ನು ಮರಳುಕಾಗದದಂತೆ ಸವೆಸುತ್ತದೆ. ರೆಕ್ಕೆಗಳ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಕತ್ತಿಯ ಬಾಯಂತೆ ತೆಳುವಾಗಿದ್ದರೆ, ಅಥವಾ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಯಾವುದಾದರೂ ರೆಕ್ಕೆ ಉಳಿದವುಗಳಂತೆ ನಾದ ಕೊಡದೆ ಬಡ್ಡಾಗಿ ಸದ್ದು ಮಾಡಿದರೆ, ಆ ಚಕ್ರವನ್ನು ಬದಲಿಸಿಯೇ ಬಳಸಿ.

ಹೀರುವ ಬಾಯಿಯನ್ನು ಲೇತಿಗೆ ಎಷ್ಟು ಹತ್ತಿರ ಇಟ್ಟಿದ್ದೀರಿ ಎಂದು ಬರೆದಿಲ್ಲ. ಪೈಪಿನ ಬಾಯಿಂದ ಅದರ ವ್ಯಾಸದಷ್ಟು ದೂರ ಹೋದರೆ ಎಳೆತದ ವೇಗ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. ನಾಲ್ಕು ಇಂಚಿನ ಪೈಪನ್ನು ಒಂದು ಅಡಿ ದೂರದಲ್ಲಿ ಇಟ್ಟರೆ ಆಲೆಮರದ ನುಣ್ಣನೆಯ ಹುಡಿ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಉಜ್ಜುಕಾಗದ ಹಿಡಿಯುವ ಹೊತ್ತಿನಲ್ಲಿ ಹುಡಿ ಯಾವ ಕಡೆ ಚಿಮ್ಮುತ್ತದೆಯೋ ಆ ಕಡೆಗೆ, ಕಡೆಯುವ ಮರದ ಹಿಂದೆ ಅಂಗೈಯಗಲ ಬಿಟ್ಟು, ತಗಡಿನ ಅಗಲ ಬಾಯಿಯೊಂದನ್ನು ನಿಲ್ಲಿಸಿ.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಅಳತೆಯ ಸಾಧನ ಕೊಳ್ಳಬೇಕಿಲ್ಲ. ಬಡಗಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ನೀರಿನ ನಳಿಕೆಯ ತುಂಡನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಮೊಳೆ ಹೊಡೆದು ಕೂರಿಸಿ, ಕುಂಕುಮ ಕದಡಿದ ನೀರನ್ನು ಅರ್ಧದವರೆಗೆ ತುಂಬಿ, ಒಂದು ತುದಿಯನ್ನು ಹೀರುವ ಪೈಪಿಗೆ ಕೊರೆದ ಸಣ್ಣ ತೂತಿಗೆ ಸಿಕ್ಕಿಸಿ. ಎರಡು ಬದಿಯ ಕೆಂಪು ಗೆರೆಗಳ ನಡುವಿನ ಎತ್ತರವೇ ಮಿಲಿಮೀಟರ್ ಲೆಕ್ಕದ ಒತ್ತಡ. ದಿಕ್ಕು ತಿರುಗಿಸುವ ಮೊದಲೊಮ್ಮೆ, ಆಮೇಲೊಮ್ಮೆ ಹೀರುವ ಬಾಯಿ ಮುಚ್ಚಿ ಅಳೆದು ಎರಡನ್ನೂ ನನಗೆ ಬರೆದು ತಿಳಿಸಿ.

ಪ್ರಶ್ನೆ: ಹನ್ನೆರಡು ವರ್ಷ ಅಮೆರಿಕದಲ್ಲಿದ್ದು ಮೈಸೂರಿಗೆ ಮರಳಿದ್ದೇವೆ. ಸಾಮಾನಿನ ಜೊತೆ ಒಂದೂವರೆ ಎಚ್.ಪಿ.ಯ ಹುಡಿ ಹೀರುವ ಯಂತ್ರವೂ ಬಂದಿದೆ. ಅದರ ಮೋಟಾರಿನ ಮೇಲೆ 230 ವೋಲ್ಟ್, 60 ಹರ್ಟ್ಸ್ ಎಂದಿದೆ. ಇಲ್ಲಿನ 230 ವೋಲ್ಟಿಗೆ ನೇರವಾಗಿ ಜೋಡಿಸಬಹುದೇ? – ಓದುಗರು, ಮೈಸೂರು

ಉತ್ತರ: ವೋಲ್ಟೇಜ್ ಹೊಂದಿದ ಮಾತ್ರಕ್ಕೆ ಮೋಟಾರ್ ಹೊಂದಿದಂತಲ್ಲ. 60 ಹರ್ಟ್ಸಿಗೆ, ಅಂದರೆ ಸೆಕೆಂಡಿಗೆ 60 ಆವರ್ತನಕ್ಕೆ, ಮಾಡಿದ ಮೋಟಾರಿಗೆ ಅದೇ ವೋಲ್ಟೇಜನ್ನು 50 ಹರ್ಟ್ಸಿನಲ್ಲಿ ಕೊಟ್ಟರೆ ಅದರ ಕಬ್ಬಿಣದ ಗರ್ಭದಲ್ಲಿ ಕಾಂತಕ್ಷೇತ್ರ ಐದನೇ ಒಂದು ಪಾಲು ಹೆಚ್ಚಾಗಿ, ಹೊರೆಯಿಲ್ಲದಿದ್ದರೂ ಮೈ ಕಾಯುತ್ತದೆ. ಯಂತ್ರ ಉಳಿಸಿಕೊಳ್ಳಿ, ಮೋಟಾರ್ ಬದಲಿಸಿ. ಇಲ್ಲಿ ಸಿಗುವ ಒಂದೂವರೆ ಎಚ್.ಪಿ., 2880 ಸುತ್ತಿನ ಮೋಟಾರಿನ ಶಾಫ್ಟು ಸಾಮಾನ್ಯವಾಗಿ 19 ಮಿ.ಮೀ. ಇರುತ್ತದೆ, ನಿಮ್ಮ ಇಂಪೆಲ್ಲರಿನ ತೂತು ಇಂಚಿನ ಅಳತೆಯದ್ದು. ಲೇತ್ ಕೆಲಸದವರಲ್ಲಿ ಹಬ್ಬನ್ನು ಬೋರ್ ಮಾಡಿಸಿ, ಸಡಿಲ ಉಳಿದರೆ ಬುಷ್ ಹಾಕಿಸಿ. ತಗಡಿನ ಚೂರು ತುರುಕಿ ಬಿಗಿ ಮಾಡಬೇಡಿ. ಶಿರಸಿಯ ಓದುಗರಿಗೆ ಹೇಳಿದಂತೆ ಒತ್ತಡ ಶೇಕಡಾ 30ರಷ್ಟು ಇಳಿಯುತ್ತದೆ. ಅದನ್ನು ಬಿಡಲು ಮನಸ್ಸಿಲ್ಲದಿದ್ದರೆ, ಎರಡು ಎಚ್.ಪಿ.ಯ ಮೂರು ಫೇಸ್ ಮೋಟಾರನ್ನು ವಿದ್ಯುತ್ತಿನ ಆವರ್ತನವನ್ನು ಬದಲಿಸುವ ವಿಎಫ್‌ಡಿ ಎಂಬ ನಿಯಂತ್ರಕದಿಂದ 60 ಹರ್ಟ್ಸಿನಲ್ಲಿ ಓಡಿಸಬಹುದು. ಮನೆಯ ಸಿಂಗಲ್ ಫೇಸಿನಿಂದ ನಡೆಯುವ ವಿಎಫ್‌ಡಿ ಹೊರಗೆ ಕೊಡುವುದೂ 230 ವೋಲ್ಟನ್ನೇ ಆದ್ದರಿಂದ ಮೋಟಾರಿನ ಜೋಡಣೆ ಆ ವೋಲ್ಟೇಜಿಗೆ ತಕ್ಕಂತೆ ಡೆಲ್ಟಾದಲ್ಲಿ (ಮೂರು ವೈಂಡಿಂಗುಗಳನ್ನು ತ್ರಿಕೋನದಂತೆ ಜೋಡಿಸುವ ಕ್ರಮದಲ್ಲಿ) ಇರಬೇಕು. ಸೀಲಿಂಗ್ ಫ್ಯಾನಿನ ರೆಗ್ಯುಲೇಟರನ್ನು ಇಂಥ ಮೋಟಾರಿಗೆ ಎಂದೂ ಜೋಡಿಸಬೇಡಿ.

ಪ್ರಶ್ನೆ: ಉಳಿ, ಚಾಕುಗಳನ್ನು ನಾನೇ ಕಾಯಿಸಿ ಬಡಿಯಲು ಹಿತ್ತಿಲಲ್ಲಿ ಚಿಕ್ಕ ಕಲ್ಲಿದ್ದಲ ಕುಲುಮೆ ಮಾಡಿದ್ದೇನೆ. ಅಜ್ಜನ ಕಾಲದ ತೊಗಲಿನ ತಿದಿ ಹರಿದುಹೋಗಿದೆ. ಹಳೆಯ ವ್ಯಾಕ್ಯೂಮ್ ಕ್ಲೀನರಿನ ಮೋಟಾರ್ ಬಳಸಬಹುದೇ, ಇಲ್ಲವೇ ಫೌಂಡ್ರಿಯ ಹಳೆಯ ಬ್ಲೋವರ್ ಕೊಳ್ಳಲೇ? – ಓದುಗರು, ಬೆಳಗಾವಿ

ಉತ್ತರ: ಎರಡೂ ಬೇಡ. ವ್ಯಾಕ್ಯೂಮ್ ಕ್ಲೀನರಿನ ಮೋಟಾರ್ ಅತಿ ವೇಗದ್ದು; ಅದರ ಒತ್ತಡಕ್ಕೆ ಇದ್ದಿಲ ಚೂರುಗಳು ಕೆಂಡಸಹಿತ ಹಾರುತ್ತವೆ, ಚಾಕುವಿನ ತುದಿ ಕಣ್ಣೆದುರೇ ಕಿಡಿಕಿಡಿಯಾಗಿ ಸುಟ್ಟುಹೋಗುತ್ತದೆ. ನಿಮ್ಮೂರಿನ ಉದ್ಯಮಬಾಗದ ಫೌಂಡ್ರಿಗಳಲ್ಲಿ ಬಳಸಿ ಬಿಟ್ಟ ಬ್ಲೋವರುಗಳು ಕ್ವಿಂಟಲ್‌ಗಟ್ಟಲೆ ಕಬ್ಬಿಣ ಕರಗಿಸುವ ಒಲೆಗೆ ಮಾಡಿದಂಥವು. ಅಂಗೈಯಗಲದ ಬೆಂಕಿಗೆ 50ರಿಂದ 75 ಮಿ.ಮೀ. ನೀರಿನ ಒತ್ತಡದ ಸ್ವಲ್ಪ ಗಾಳಿ ಸಾಕು. ಎರಡು ಅಥವಾ ಮೂರು ಇಂಚು ಬಾಯಿಯ ಚಿಕ್ಕ ಭಟ್ಟಿ ಬ್ಲೋವರ್ ಹಾರ್ಡ್‌ವೇರ್ ಪೇಟೆಯಲ್ಲಿ ಸಿಗುತ್ತದೆ. ಕೈಯಿಂದ ತಿರುಗಿಸುವ, ಹಲ್ಲುಚಕ್ರಗಳಿರುವ ಬ್ಲೋವರ್ ಸಿಕ್ಕಿದರೆ ಅದನ್ನೇ ಆರಿಸಿ ಎನ್ನುತ್ತೇನೆ. ಕೈ ನಿಂತೊಡನೆ ಗಾಳಿಯೂ ನಿಲ್ಲುವುದರಿಂದ ಇದ್ದಿಲೂ ಉಳಿಯುತ್ತದೆ, ಬೆಂಕಿಯ ಬಣ್ಣ ನೋಡುವ ಅಭ್ಯಾಸವೂ ಬೇಗ ಬರುತ್ತದೆ.

ವಿದ್ಯುತ್ ಬ್ಲೋವರ್ ಇಟ್ಟರೆ ಒಂದು ಅಪಾಯವನ್ನು ತಿಳಿದಿರಬೇಕು. ಬ್ಲೋವರ್ ನಿಲ್ಲಿಸಿದ ಮೇಲೂ ಕಲ್ಲಿದ್ದಲಿನಿಂದ ಉರಿಯುವ ಅನಿಲ ಹೊರಡುತ್ತಲೇ ಇರುತ್ತದೆ. ಅದು ಹಿಂದಕ್ಕೆ ಇಳಿದು ಪೈಪಿನಲ್ಲಿ ತುಂಬಿಕೊಂಡಿದ್ದು, ನೀವು ಮತ್ತೆ ಗಾಳಿ ಕೊಟ್ಟೊಡನೆ ಪೈಪಿನೊಳಗೇ ಸಿಡಿಯಬಹುದು. ಆದ್ದರಿಂದ ಕೆಲಸದ ನಡುವೆ ಬ್ಲೋವರನ್ನು ಪೂರ್ತಿ ನಿಲ್ಲಿಸದೆ, ಬ್ಲೋವರ್ ಮತ್ತು ಬೆಂಕಿಯ ನಡುವೆ ತಗಡಿನ ಜಾರುಬಾಗಿಲಿಟ್ಟು ಗಾಳಿಯನ್ನು ಅದರಿಂದ ಕಡಿಮೆ ಮಾಡಿ. ನಿಲ್ಲಿಸಲೇಬೇಕಾದಾಗ ಬೂದಿ ಬೀಳುವ ಕೆಳಬಾಯಿಯನ್ನು ತೆರೆದಿಡಿ. ಬ್ಲೋವರಿಗೂ ಬೆಂಕಿಗೂ ನಡುವೆ ಮೂರಡಿಯಷ್ಟಾದರೂ ಕಬ್ಬಿಣದ ಪೈಪಿರಲಿ, ಆ ಭಾಗಕ್ಕೆ ಪಿವಿಸಿ ಬೇಡ.

ಪ್ರಶ್ನೆ: ಗರಗಸಕ್ಕೂ ಕಬ್ಬಿಣ ಉಜ್ಜುವ ಗ್ರೈಂಡರಿಗೂ ಒಂದೇ ಬ್ಲೋವರಿನಿಂದ ಎರಡು ಪೈಪು ಎಳೆಯಬಹುದೇ? – ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಬೇಡ. ಗ್ರೈಂಡರಿನ ಕಿಡಿ ಮರದ ಹುಡಿಯ ರಾಶಿಯೊಳಗೆ ಸೇರಿದರೆ ಜ್ವಾಲೆಯಿಲ್ಲದೆ ಗಂಟೆಗಟ್ಟಲೆ ಒಳಗೊಳಗೇ ಕನಲುತ್ತಿದ್ದು, ನೀವು ಬೀಗ ಹಾಕಿ ಮಲಗಿದ ಮೇಲೆ ಹೊತ್ತಿಕೊಳ್ಳಬಹುದು. ಗ್ರೈಂಡರಿಗೆ ಬೇರೆಯೇ ಚಿಕ್ಕ ಬ್ಲೋವರ್ ಇಟ್ಟು, ಅದರ ಹುಡಿ ಅಡಿಯಲ್ಲಿ ನೀರಿರುವ ಕಬ್ಬಿಣದ ಡಬ್ಬಿಗೆ ಬೀಳುವಂತೆ ಮಾಡಿ. ಹಳೆಯ ಬಾಗಿಲು, ತೊಲೆಗಳನ್ನು ಕೊಯ್ಯುವಾಗ ಗರಗಸಕ್ಕೆ ಮೊಳೆ ಸಿಕ್ಕಿ ಕಿಡಿ ಹಾರಿದರೆ, ಆ ದಿನ ಸಂಜೆಯೇ ಮರದ ಹುಡಿಯ ಡ್ರಮ್ಮನ್ನು ಅಂಗಳಕ್ಕೆ ಒಯ್ದು ಬರಿದು ಮಾಡಿ, ರಾಶಿಯ ಮೇಲೆ ಒಂದು ಕೊಡ ನೀರು ಸುರಿದು, ಕೋಲಿನಿಂದ ಕೆದಕಿ ನೋಡಿ ಒಳಗೆ ಬನ್ನಿ.